ಅಪ್ಪನ ಮೊಣಕಾಲು ಮತ್ತು ನಾನು ತಂದ ಮೋಟಾರು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸಲ ಎದ್ದು ಜಾಗ ಬದಲಿಸುತ್ತೇನೆ. ಊಟಕ್ಕೆ ಕೂತರೆ ಉಪ್ಪಿಗೊಮ್ಮೆ ಏಳುತ್ತಾಳೆ, ನೀರಿಗೊಮ್ಮೆ ಏಳುತ್ತಾಳೆ ಎಂದು ಅವ್ವ ಬೈಯುತ್ತಿದ್ದಳು. ಇಂಥವಳು ಒಬ್ಬ ಮನುಷ್ಯನಿಗೆ ಕಾಲು ಅಲ್ಲಾಡಿಸಬೇಡ ಎಂದು ಚೀಟಿ ಬರೆದುಕೊಟ್ಟೆ. ಅದೂ ನನ್ನ ಅಪ್ಪನಿಗೆ. ಆ ಕಥೆಯನ್ನು ಇಲ್ಲಿ ಬರೆಯದೆ ನನಗೆ ಸಮಾಧಾನವಿಲ್ಲ. ಬರೆದ ಮೇಲೂ ಆಗುತ್ತದೆ ಎಂಬ ಭರವಸೆಯಿಲ್ಲ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅಪ್ಪನ ಟೇಲರ್ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಕೊಹಿನೂರ, ಮುಡಬಿ ಕಡೆಯ ರೈತರು ಸಂತೆಗೆ ಬಂದಾಗ ಬಟ್ಟೆ ಕೊಟ್ಟು ಹೋಗುತ್ತಿದ್ದರು, ಮುಂದಿನ ಸಂತೆಗೆ ಬಂದು ಒಯ್ಯುತ್ತಿದ್ದರು. ಕಾಲಿನಿಂದ ತುಳಿಯುವ ಹಳೆಯ ಮಷೀನನ್ನು ಅಪ್ಪ ಮೂವತ್ತು ವರ್ಷ ತುಳಿದಿದ್ದ. ಆದರೆ ಅವನ ದಿನ ಶುರುವಾಗುತ್ತಿದ್ದದ್ದು ಮಷೀನಿನಿಂದಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಕಂಬಳಿಯ ಮೇಲೆ ಎರಡೂ ಕಾಲು ಮಡಚಿ ಕೂರುತ್ತಿದ್ದ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಅದನ್ನೇ ನೋಡುತ್ತಿದ್ದ. ಅರ್ಧ ತಾಸು ಮಿಸುಕಾಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಆ ಅರ್ಧ ತಾಸಿನಲ್ಲಿ ಅಂಗಳಕ್ಕೂ ಅಡುಗೆಮನೆಗೂ ಹತ್ತು ಸಲ ಓಡಾಡಿ, ಈ ಮನುಷ್ಯನಿಗೆ ಬೇಸರವೇ ಬರುವುದಿಲ್ಲವೇ ಎಂದು ಸಿಟ್ಟಾಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ನಾನು ಆಯುರ್ವೇದದ ಓದು ಮುಗಿಸಿ, ಹುಮನಾಬಾದಿನಲ್ಲಿ ದವಾಖಾನೆ ನಡೆಸುತ್ತಿದ್ದ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಸೇರಿದೆ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಅದೇ ವರ್ಷ ಅಪ್ಪನ ಬಲ ಮೊಣಕಾಲು ಕಟಕಟ ಎನ್ನತೊಡಗಿತು. ಮೊದಮೊದಲು ನಾವು ನಕ್ಕೆವು. ಒಂದು ಬೆಳಿಗ್ಗೆ ಪೂಜೆಗೆ ಕೂರಲು ಹೋದವನು ಕಾಲನ್ನು ಅರ್ಧ ಮಡಚಿ, ಗೋಡೆ ಹಿಡಿದು ನಿಂತುಬಿಟ್ಟ.

'ಯವ್ವಾ, ಇದು ಮುಂದ ಹೋಗವಲ್ದು' ಎಂದ.

ನಾನು ಅಲ್ಲೇ ಕೂರಿಸಿ ಒತ್ತಿ ನೋಡಿದೆ. ಮಡಚಿದಾಗ ನೋವು, ಚಾಚಿದಾಗ ನೋವು, ಕೈಯಿಟ್ಟರೆ ಒಳಗೆ ಏನೋ ಕರಕರ ಎನ್ನುವುದು. ಓದಿದ್ದೆಲ್ಲ ಕಣ್ಣ ಮುಂದೆ ಬಂತು. ಹೊಸ ಡಾಕ್ಟರಿಗೆ ಪಾಠದಲ್ಲಿದ್ದ ಲಕ್ಷಣ ಮನುಷ್ಯನ ಮೈಮೇಲೆ ಕಂಡರೆ ಒಂದು ಥರದ ಕೆಟ್ಟ ಸಂತೋಷವಾಗುತ್ತದೆ. ಸುಳ್ಳು ಯಾಕೆ ಹೇಳಲಿ, ನನಗೂ ಆಯಿತು.

'ನಡ್ಯಾಕ ತ್ರಾಸ್ ಆದ್ರ ಆಗಲಿ' ಎಂದ ಅಪ್ಪ. 'ಕುಂಡ್ರಾಕ ಬರಬೇಕು ನೋಡು. ಲಿಂಗ ಕೈಯಾಗ ಹಿಡದು ಕಾಲು ಚಾಚಿ ಕುಂತ್ರ ನನಗ ನಾಚಿಕಿ ಆಗ್ತದ. ಅಷ್ಟು ಮಾಡಿಕೊಡು, ಬ್ಯಾರೆ ಏನೂ ಬ್ಯಾಡ.'

ಅಷ್ಟೇ ಅವನು ನನ್ನಿಂದ ಕೇಳಿದ್ದು. ಅಲ್ಲಿಯವರೆಗೆ ಅಪ್ಪ ನನ್ನನ್ನು ಏನನ್ನೂ ಕೇಳಿದವನಲ್ಲ. ಮಾಡಿಯೇ ತೋರಿಸುತ್ತೇನೆ ಎಂದು ಅವತ್ತೇ ನಿರ್ಧರಿಸಿದೆ.

ನಮ್ಮ ಪಾಠದ ಪ್ರಕಾರ ಕೀಲುಗಳಲ್ಲಿ ಶ್ಲೇಷಕ ಕಫ ಎಂಬುದು ನೆಲೆಸಿರುತ್ತದೆ. ಜಿಡ್ಡು, ಅಂಟು, ತಂಪು ಅದರ ಗುಣ. ಗಾಡಿಯ ಅಚ್ಚಿಗೆ ಎಣ್ಣೆ ಸವರಿದರೆ ಗಾಲಿ ಸರಾಗ ತಿರುಗುವ ಹಾಗೆ, ಆ ಜಿಡ್ಡು ಇದ್ದರೆ ಕೀಲು ಸರಾಗ ಆಡುತ್ತದೆ. ವಾತ ಅದಕ್ಕೆ ತದ್ವಿರುದ್ಧ: ಒಣದು, ಹಗುರ, ಒಂದು ಕಡೆ ನಿಲ್ಲದ್ದು. ವಯಸ್ಸಾದಂತೆ, ಅತಿಯಾಗಿ ದುಡಿದಂತೆ ವಾತ ಹೆಚ್ಚಿ ಆ ಜಿಡ್ಡನ್ನು ಒಣಗಿಸುತ್ತದೆ. ನನಗೆ ಈ ವಿವರಣೆ ತುಂಬ ಇಷ್ಟ. ಯಾವ ರೈತನಿಗೆ ಹೇಳಿದರೂ ಅರ್ಧ ನಿಮಿಷದಲ್ಲಿ ತಲೆಯಾಡಿಸುತ್ತಾನೆ. ಅದೇ ಕಾಲೇಜಿನಲ್ಲಿ ಆಧುನಿಕ ಶರೀರಕ್ರಿಯೆಯನ್ನೂ ಕಲಿಸಿದ್ದರು. ಕೀಲಿನ ಸುತ್ತ ಚೀಲ, ಚೀಲಕ್ಕೆ ಒಳಪೊರೆ, ಪೊರೆಯಿಂದ ಒಸರುವ ದ್ರವ, ಎಲುಬಿನ ತುದಿಗೆ ಮೃದ್ವಸ್ಥಿಯ ನುಣುಪು ಹೊದಿಕೆ. ಎರಡು ಪುಟ ಇತ್ತು. ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ.

ವೈದ್ಯರಿಗೆ ಅಪ್ಪನ ವಿಷಯ ಹೇಳಿದೆ. ಅವರು ಚೂರ್ಣ ಜರಡಿ ಹಿಡಿಯುತ್ತಲೇ ಹೇಳಿದರು: 'ಎಣ್ಣಿ ಹಚ್ಚು, ಶಾಖ ಕೊಡು. ಕೆಲಸ ಅರ್ಧ ಬಲದಷ್ಟು ಮಾಡ್ಲಿ.' ನನ್ನ ಕಿವಿಗೆ ಬಿದ್ದದ್ದು ಎಣ್ಣೆ ಮತ್ತು ಶಾಖ. ಉಳಿದದ್ದನ್ನು ಕೇಳುವಷ್ಟರಲ್ಲಿ ನಾನು ಬಾಗಿಲ ಹತ್ತಿರ ಇದ್ದೆ.

ನನ್ನ ತರ್ಕ ನೇರವಾಗಿತ್ತು. ಮೂವತ್ತು ವರ್ಷ ತುಳಿದಿದ್ದಾನೆ, ತುಳಿದು ತುಳಿದು ಒಣಗಿಸಿಕೊಂಡಿದ್ದಾನೆ. ತುಳಿಯುವುದು ನಿಲ್ಲಬೇಕು, ಜಿಡ್ಡು ತುಂಬಬೇಕು. ಮೊದಲ ಸಂಬಳದಲ್ಲಿ ಹುಮನಾಬಾದಿನಿಂದ ಹೊಲಿಗೆ ಮಷೀನಿಗೆ ಕೂರಿಸುವ ಸಣ್ಣ ಕರೆಂಟ್ ಮೋಟಾರು ತಂದೆ. ಮೊಣಕಾಲಿಗೆ ಕೆಲಸವೇ ಇಲ್ಲ. ಕಾಲ ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಸಾಕು, ಮಷೀನು ತಾನೇ ಓಡುತ್ತದೆ. ಓಣಿಯವರೆಲ್ಲ ನೋಡಲು ಬಂದರು. 'ಮಗಳು ಡಾಕ್ಟರ್ ಆದ ಮ್ಯಾಲ ನಿನಗೇನಪ್ಪಾ, ಕುಂತಲ್ಲೇ ರಾಜ' ಎಂದು ಪಕ್ಕದ ಕಿರಾಣಿಯವರು ಅಂದಾಗ ಅಪ್ಪನ ಮುಖ ಅರಳಿತು. ನಾನು ದವಾಖಾನೆಯ ಚೀಟಿಯ ಮೇಲೆ 'ತುಳಿಯುವುದು ಪೂರ್ತಿ ಬಂದ್' ಎಂದು ಬರೆದು, ಕೆಳಗೆ ಸಹಿ ಮಾಡಿ, ಅಂಗಡಿಯ ಕನ್ನಡಿಗೆ ಅಂಟಿಸಿದೆ. ಸಹಿ ಬೇಕಿರಲಿಲ್ಲ. ಆಗ ಎಲ್ಲದಕ್ಕೂ ಸಹಿ ಮಾಡುವ ಹುಚ್ಚು.

ರವಿವಾರ ಜಾನುಬಸ್ತಿ. ಉದ್ದಿನ ಹಿಟ್ಟು ಕಲಸಿ ಮೊಣಕಾಲಿನ ಸುತ್ತ ಬಳೆಯಂತೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಔಷಧದ ಎಣ್ಣೆ ಸುರಿದು ನಿಲ್ಲಿಸುವ ಚಿಕಿತ್ಸೆ ಅದು. ಎಣ್ಣೆ ತಣ್ಣಗಾದರೆ ಹತ್ತಿಯಲ್ಲಿ ಅದ್ದಿ ಹಿಂಡಿ ತೆಗೆದು ಮತ್ತೆ ಬಿಸಿಯದನ್ನು ಹಾಕಬೇಕು. ಅವ್ವ ಹಿಟ್ಟು ನಾದುತ್ತ ಗೊಣಗುತ್ತಿದ್ದಳು. 'ಮಂದಿ ಮನ್ಯಾಗ ಉದ್ದಿನ ಹಿಟ್ಟು ವಡಿಗಿ ಆಗ್ತದ, ನಮ್ಮ ಮನ್ಯಾಗ ಮೊಳಕಾಲಿಗಿ.' ಕಟ್ಟೆ ಬಿರಿದು ಎಣ್ಣೆ ಸೋರಿದರೆ ನಾನು ರೇಗುತ್ತಿದ್ದೆ. 'ಅಲ್ಲಾಡಬ್ಯಾಡ ಅಂದ್ರ ಅಲ್ಲಾಡಬ್ಯಾಡ!' ಅಪ್ಪ ಉಸಿರು ಬಿಗಿಹಿಡಿದು ಮಲಗುತ್ತಿದ್ದ. ಎದ್ದ ಮೇಲೆ ಹಗುರ ಆಯಿತು ಎನ್ನುತ್ತಿದ್ದ, ಅದು ನಿಜವೂ ಹೌದು. ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಬಿಗಿ.

ಬೇಸಿಗೆ ಬಂತು. ನಮ್ಮ ಕಡೆ ಆಗ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಕರೆಂಟು ಹೋದ ಕೂಡಲೇ ಅಪ್ಪ ಮೋಟಾರಿನ ಬೆಲ್ಟು ಬಿಚ್ಚಿ, ಹಳೆಯ ಚರ್ಮದ ಬೆಲ್ಟು ಏರಿಸಿ ತುಳಿಯಲು ಶುರು ಮಾಡುತ್ತಿದ್ದ. ಮದುವೆಯ ಹಂಗಾಮು, ಹೊಲಿಗೆ ನಿಲ್ಲಿಸುವ ಹಾಗಿರಲಿಲ್ಲ. ಸಂಜೆ ಬಂದು ನೋಡಿ ನಾನು ಜಗಳ ತೆಗೆಯುತ್ತಿದ್ದೆ. ಆದರೂ ಆ ಎರಡು ತಿಂಗಳು ಕಾಲು ಸುಧಾರಿಸಿತು. ಒಂದು ದಿನ ಪೂಜೆಯಲ್ಲಿ ಬಲಗಾಲನ್ನು ಹೆಚ್ಚುಕಡಿಮೆ ಪೂರ್ತಿ ಮಡಚಿದ. ಎಣ್ಣೆ ಹಿಡಿಯಿತು ಎಂದು ನಾನು ಬೀಗಿದೆ. ಮಳೆಗಾಲ ಬಂತು, ಕರೆಂಟು ಪರವಾಗಿಲ್ಲ ಎನ್ನುವ ಹಾಗಾಯಿತು, ಮೋಟಾರು ದಿನವಿಡೀ ಓಡಿತು. ಕಾಲು ಮತ್ತೆ ಬಿಗಿಯಿತು. ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು: ಮಳೆಗಾಲದಲ್ಲಿ ವಾತ ಕೆರಳುತ್ತದೆ, ಶಾಸ್ತ್ರದಲ್ಲೇ ಇದೆ. ಪಾಠ ಹೇಳಿದ್ದೂ ಅಪ್ಪನ ಕಾಲು ಹೇಳಿದ್ದೂ ಒಂದೇ ಆಯಿತಲ್ಲ ಎಂದು ಎಷ್ಟು ಹಿಗ್ಗಿದೆನೆಂದರೆ, ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹುಮನಾಬಾದು ಬರುವ ತನಕ ಅದನ್ನೇ ವಿವರಿಸಿದೆ. ಪಾಪ, ಅವರು ಇಳಿಯುವ ಊರು ಹಿಂದೆಯೇ ಹೋಗಿತ್ತು.

ಮರುವರ್ಷ ಮೊಣಕಾಲು ಊದಿಕೊಂಡಿತು. ಈಗ ಅಪ್ಪ ಬಲಗಾಲು ಚಾಚಿಯೇ ಪೂಜೆಗೆ ಕೂರುತ್ತಿದ್ದ. ಪಾದ ಕಾಣಬಾರದೆಂದು ಮೇಲೆ ಟವಲ್ ಹೊದಿಸಿಕೊಳ್ಳುತ್ತಿದ್ದ. ಅರ್ಧ ತಾಸಿನ ಪೂಜೆ ಹತ್ತು ನಿಮಿಷಕ್ಕೆ ಇಳಿಯಿತು. ನಾನು ಬಾಗಿಲಲ್ಲಿ ನಿಂತರೆ ಬೇಗ ಬೇಗ ಲಿಂಗವನ್ನು ಕರಡಿಗೆಗೆ ಸೇರಿಸಿ ಏಳಲು ನೋಡುತ್ತಿದ್ದ. ಅದನ್ನು ನೋಡಲಾಗದೆ ನಾನು ಬೆಳಗಿನ ಬಸ್ಸನ್ನು ಒಂದು ತಾಸು ಮುಂಚಿನದಕ್ಕೆ ಬದಲಿಸಿದೆ. ಇದು ನನ್ನ ಹೇಡಿತನ, ಬೇರೆ ಹೆಸರಿಲ್ಲ.

ಕೊನೆಗೆ ಹುಮನಾಬಾದಿಗೆ ಆಗಷ್ಟೇ ಬಂದಿದ್ದ ಎಲುಬಿನ ಡಾಕ್ಟರ ಬಳಿ ಅವನನ್ನು ಕರೆದೊಯ್ದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಅಪ್ಪ ಕಾಲನ್ನು ನಡುವಿನ ದಾರಿಗೆ ಚಾಚಿ ಕೂತಿದ್ದ, ದಾಟುವವರಿಗೆಲ್ಲ 'ಜರಾ ನೋಡಿಕೋತ ಹೋಗ್ರಿ' ಎನ್ನುತ್ತಿದ್ದ. ನಾನು ಇಡೀ ದಾರಿ ನಿಂತೇ ಇದ್ದೆ. ಒಣಗಿದ ಕೀಲು ಎಂದು ಹೇಳಬೇಕು, ಏನೇನು ಎಣ್ಣೆ ಹಾಕಿದೆ ಎಂದು ಹೇಳಬೇಕು ಎಂದು ಮನಸ್ಸಿನಲ್ಲೇ ಭಾಷಣ ತಯಾರಿಸುತ್ತಿದ್ದೆ.

ಕೀಲು ಒಣಗಿದೆ ಎಂದು ನಾನು ಶುರು ಮಾಡಿದ್ದೇ ತಡ, ಡಾಕ್ಟರರು ಉಳಿದ ಭಾಷಣಕ್ಕೆ ಕಾಯಲಿಲ್ಲ. ಊದಿದ ಜಾಗ ಒತ್ತಿ ನೋಡಿ, ದಪ್ಪ ಸೂಜಿ ಚುಚ್ಚಿ ಒಳಗಿನ ನೀರು ಎಳೆದರು. ಸಿರಿಂಜಿನಲ್ಲಿ ತಿಳಿ ಹಳದಿಯ ದ್ರವ ಏರುತ್ತಲೇ ಹೋಯಿತು.

'ಒಣಗ್ಯದ ಅಂದ್ರಲ್ರಿ' ಎಂದು ಅವರು ನನ್ನ ಕಡೆ ತಿರುಗಿದರು. 'ನೋಡ್ರಿ, ಕಮ್ಮಿ ಆಗಿಲ್ಲ, ಜಾಸ್ತಿ ಆಗ್ಯದ. ಆದ್ರ ತೆಳ್ಳಗ ಆಗ್ಯದ. ಛಲೋ ಇದ್ದದ್ದು ಎಳಿ ಹಿಡೀತದ, ಇದು ನೀರಿನಂಗ ಹನಿಯಾಕತ್ತದ.'

ಅಪ್ಪ ನೋವಿನಲ್ಲೂ ಸುಮ್ಮನಿರಲಿಲ್ಲ. 'ಸಾಹೇಬ್ರ, ಇದನ್ನ ನನ್ನ ಮಷೀನಿಗಿ ಹಾಕಾಕ ಬರ್ತದೇನ್ರಿ?'

ಡಾಕ್ಟರರು ನಗುತ್ತ ಏನು ಕೆಲಸ ಎಂದು ಕೇಳಿದರು. ಟೇಲರ್ ಎಂದ. ತುಳಿಯುತ್ತೀರಾ ಎಂದರು. 'ಇಲ್ರಿ, ಮಗಳು ಮೋಟಾರ್ ಕೂಡಿಸಿ ಕೊಟ್ಟಾಳ. ಹತ್ತು ತಾಸು ಕುಂತ್ರೂ ಕಾಲು ಅಲ್ಲಾಡಂಗಿಲ್ಲ' ಎಂದ, ಹೆಮ್ಮೆಯಿಂದ. ಡಾಕ್ಟರರ ನಗು ನಿಂತಿತು. ಅವರು ಅಪ್ಪನ ಎರಡೂ ತೊಡೆಗಳನ್ನು ಕೈಯಿಂದ ಅಳೆದು ತೋರಿಸಿದರು. ಬಲದ್ದು ಎಡದ್ದಕ್ಕಿಂತ ಸಣ್ಣಗಾಗಿತ್ತು. ಎರಡು ವರ್ಷ ಪ್ರತಿ ರವಿವಾರ ಆ ಕಾಲನ್ನು ಮುಟ್ಟಿದವಳು ನಾನು, ತೊಡೆಯನ್ನು ನೋಡಿರಲೇ ಇಲ್ಲ.

'ಎಲುಬಿನ ತುದಿಗಿ ಮೆತ್ತನ್ನ ಹೊದಿಕಿ ಅದ ಅಲ್ರಿ, ಅದಕ್ಕ ರಕ್ತನಾಳ ಇಲ್ಲ' ಎಂದು ಅವರು ಹೇಳಿದರು. 'ಸುತ್ತಲಿನ ಈ ನೀರಿನಿಂದನ ಅದಕ್ಕ ಊಟ. ಭಾರ ಬಿದ್ದಾಗ ಹಿಂಡತದ, ಭಾರ ತೆಗದಾಗ ಹೀರತದ. ಕೀಲು ಆಡಲಿಲ್ಲಂದ್ರ ಊಟ ಸರಿಯಾಗಿ ಮುಟ್ಟಂಗಿಲ್ಲ. ಮ್ಯಾಲ ತೊಡಿ ಸಣ್ಣ ಆತಂದ್ರ ಭಾರ ಎಲ್ಲ ಮೊಳಕಾಲ ಮ್ಯಾಲನ. ವಯಸ್ಸೂ ಅದ, ಎಲ್ಲಾ ಮೋಟಾರಿನ ತಪ್ಪು ಅನ್ನಂಗಿಲ್ಲ. ಆದ್ರ ಅದನ್ನ ಬಿಚ್ರಿ.'

'ಖರೆ ಅದರಿ' ಎಂದ ಅಪ್ಪ. 'ಎಣ್ಣಿ ಹಾಕಿ ಮಷೀನು ಹಂಗ ಮುಚ್ಚಿಟ್ರ ಎಣ್ಣಿ ಗಟ್ಟಿ ಆಗಿ ಅಂಟು ಹಿಡೀತದ. ಚಿಂದಿ ಮ್ಯಾಲ ಖಾಲಿ ಓಡಸಬೇಕು, ಆವಾಗ ಎಲ್ಲಾ ಕಡಿ ಹರೀತದ.'

ಇಬ್ಬರೂ ಗೆಳೆಯರಂತೆ ತಲೆಯಾಡಿಸಿದರು. ನನಗೆ ಎದ್ದು ಹೋಗಬೇಕೆನಿಸಿತು. ಹಳೆಯ ಶಾಸ್ತ್ರ ಓದಿದವಳು ನಾನು, ಹೊಸದನ್ನೂ ಓದಿದವಳು ನಾನು, ಆ ಕೋಣೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಮನೆಗೆ ಬಂದು ಟ್ರಂಕಿನಿಂದ ಕಾಲೇಜಿನ ಪುಸ್ತಕ ತೆಗೆದು, ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಓದಿದೆ. ಆ ಎರಡು ಪುಟದಲ್ಲಿ ಎಲ್ಲ ಇತ್ತು. ಕೀಲಿನ ದ್ರವ ಸುಮ್ಮನಿದ್ದಾಗ ಮಂದವಾಗಿರುತ್ತದೆ, ಆಡಿಸಿದಾಗ ಸಡಿಲಾಗಿ ಹರಿಯುತ್ತದೆ ಎಂಬುದಕ್ಕೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಆಯುರ್ವೇದದ ಪುಸ್ತಕವನ್ನೂ ತೆಗೆದೆ. ಎಣ್ಣೆ ಹಚ್ಚಿಕೊಂಡು ವ್ಯಾಯಾಮ ಮಾಡಬೇಕು, ಅರ್ಧ ಬಲದಷ್ಟು ಮಾಡಬೇಕು, ಹಣೆಯಲ್ಲಿ ಬೆವರು ಕಂಡರೆ ನಿಲ್ಲಿಸಬೇಕು ಎಂಬ ಪಾಠವೂ ಅಲ್ಲೇ ಇತ್ತು. ಅತಿ ದುಡಿಮೆ ಬೇಡ ಎಂದಿತ್ತೇ ಹೊರತು ದುಡಿಮೆಯೇ ಬೇಡ ಎಂದು ಎಲ್ಲೂ ಇರಲಿಲ್ಲ. ಶಾಸ್ತ್ರ ತಪ್ಪು ಹೇಳಿತೆಂದು ಬೈಯೋಣವೆಂದರೆ ಅದಕ್ಕೂ ದಾರಿಯಿಲ್ಲ.

ಮರುದಿನ ಸಿಟ್ಟನ್ನು ವೈದ್ಯರ ಮೇಲೆ ಹಾಕಿದೆ. ಚರ್ಮ, ಕೊಬ್ಬು, ಕೀಲಿನ ಚೀಲ ಇಷ್ಟು ದಾಟಿ ಮೇಲೆ ಸುರಿದ ಎಣ್ಣೆ ಒಳಗೆ ಹೋಗುತ್ತದೆಯೇ? ಶ್ಲೇಷಕ ಕಫ ಅಂದರೆ ಆ ಸಿರಿಂಜಿನಲ್ಲಿ ಬಂದ ನೀರೇ, ಅಲ್ಲವೇ? ಇವತ್ತೇ ಹೇಳಿ ಎಂದು ಹಟ ಹಿಡಿದೆ.

'ಎರಡೂ ಒಂದ ಅಂತ ನಾ ಯಾವಾಗ ಅಂದೆ?' ಎಂದರು ವೈದ್ಯರು. 'ಒಂದು ಗುಣದ ಮಾತು, ಒಂದು ಕಣ್ಣಿಗಿ ಕಾಣೂ ನೀರು. ಎಣ್ಣಿ ಒಳಗ ಹೋಗ್ತದೋ ಇಲ್ಲೋ ನನಗ ಗೊತ್ತಿಲ್ಲವ್ವಾ. ಬೆಚ್ಚಗ ಆದ್ರ ನೋವು ಇಳೀತದ, ತಿಕ್ಕಿದ್ರ ಬಿಗಿ ಸಡ್ಲ ಆಗ್ತದ, ಆಮ್ಯಾಲ ಮನುಷ್ಯಾ ಕಾಲು ಆಡಸ್ತಾನ. ಅದಕ್ಕ ನಾ ಅರ್ಧ ಬಲ ಅಂದಿದ್ದೆ. ನೀ ಕೇಳಿಸಿಕೊಂಡಿದ್ದಿ ಅಂತ ತಿಳಿದಿದ್ದೆ.'

ಅಂದೇ ಮೋಟಾರು ಬಿಚ್ಚಿದೆ. ಚೀಟಿಯನ್ನೂ ಕಿತ್ತೆ. ಡಾಕ್ಟರರು ಹೇಳಿಕೊಟ್ಟಂತೆ ದಿನಾ ತೊಡೆ ಬಿಗಿದು ಕಾಲೆತ್ತುವ ವ್ಯಾಯಾಮ, ಎಣ್ಣೆ ಹಚ್ಚಿ ಶಾಖ, ಆಮೇಲೆ ದಾರವಿಲ್ಲದ ಖಾಲಿ ಮಷೀನನ್ನು ಮೆಲ್ಲಗೆ ತುಳಿಯುವುದು. ಹಣೆಯ ಮೇಲೆ ಬೆವರು ಬಂದರೆ ಸಾಕು. ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಹಾಕಿದೆ, ಯಾವುದರಿಂದ ಎಷ್ಟು ಗುಣ ಎಂದು ಇವತ್ತು ಕೇಳಿದರೂ ಹೇಳಲಾರೆ. ಊತ ಇಳಿಯಿತು. ಆರು ತಿಂಗಳಿಗೆ ಅಪ್ಪ ಕೋಲಿಲ್ಲದೆ ಸಂತೆಗೆ ಹೋಗಿಬಂದ. ಆದರೆ ಕಾಲು ಪೂರ್ತಿ ಮಡಚಲಿಲ್ಲ. ಸವೆದ ಹೊದಿಕೆ ಮರಳಿ ಬರುವುದಿಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಅಪ್ಪ ಗಿಡ್ಡನೆಯ ಸ್ಟೂಲಿನ ಮೇಲೆ ಕೂತು ಪೂಜೆ ಮಾಡುವುದನ್ನು ರೂಢಿ ಮಾಡಿಕೊಂಡ. ಅವನು ಕೇಳಿದ್ದು ಒಂದೇ ಒಂದು, ಅದನ್ನು ನಾನು ಕೊಡಲಿಲ್ಲ.

ಈ ಮಾತು ಬಾಯಿಬಿಟ್ಟು ಹೇಳಲು ನನಗೆ ಇನ್ನೆರಡು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಪ್ಪ ಅಂಗಿಗೆ ಗುಂಡಿ ಹಚ್ಚುತ್ತಿದ್ದ. ನಾನು ಕತ್ತರಿ ಎತ್ತಿಟ್ಟೆ, ಬಟ್ಟೆ ಮಡಚಿದೆ, ಮಡಚಿದ್ದನ್ನು ಮತ್ತೆ ಬಿಚ್ಚಿ ಮಡಚಿದೆ. 'ಒಂದು ಕಡಿ ಕುಂಡ್ರು' ಎಂದ. ಕೂತೆ. ನಿನ್ನ ಕಾಲು ಕೆಡಿಸಿದ್ದು ನಾನು ಎಂದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ತುಳಿದಾಗ ಸುಧಾರಿಸಿದ್ದು, ಮಳೆಗಾಲದಲ್ಲಿ ಮೋಟಾರು ಓಡಿ ಬಿಗಿದದ್ದು, ಅದನ್ನೆಲ್ಲ ನಾನು ಎಣ್ಣೆಗೂ ವಾತಕ್ಕೂ ಹಚ್ಚಿದ್ದು, ಎಲ್ಲವನ್ನೂ ಹೇಳಿದೆ.

ಅಪ್ಪ ದಾರವನ್ನು ಹಲ್ಲಿನಿಂದ ಕಡಿದ. 'ಅದು ನನಗ ಮೊದಲನೇ ಬ್ಯಾಸಿಗ್ಯಾಗ ತಿಳಿದಿತ್ತು' ಎಂದ. 'ಕರೆಂಟ್ ಹೋದ ದಿನ ಕಾಲು ಹಗರ ಆಗ್ತಿತ್ತು. ಇದ್ದ ದಿನ ಬಿಗೀತಿತ್ತು.'

'ಮತ್ತ್ಯಾಕ ಹೇಳಲಿಲ್ಲ?'

'ನೀ ಹೊಸ ಡಾಕ್ಟರ್. ಅಂಗಡಿಗಿ ಬಂದವರಿಗೆಲ್ಲಾ ನನ್ನ ಮಗಳ ಇಲಾಜ್ ನಡದದ ಅಂತ ನಾನ ಹೇಳಿದ್ದೆ. ಕನ್ನಡಿ ಮ್ಯಾಲ ನಿನ್ನ ಸಹಿ ಇತ್ತು. ಮೊದಲನೇ ಪೇಶಂಟ್ ತಾನ ಮೋಟಾರ್ ಬಿಚ್ಚಿ ಒಗದ್ರ ಎರಡನೇದಾಂವ ನಿನ್ನ ಹತ್ರ ಯಾಕ ಬರ್ತಾನ?'

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎದ್ದು ನಿಂತು ಕೂಗಿಬಿಟ್ಟೆ. 'ಅದು ನಿನ್ನ ಕಾಲಪ್ಪಾ!'

'ಹೌದು, ನಂದ' ಎಂದ ಅಪ್ಪ, ಮತ್ತೊಂದು ಗುಂಡಿಗೆ ಸೂಜಿ ಹಾಕುತ್ತ. 'ಬ್ಯಾರೆದವರ ಕಾಲಾಗಿದ್ರ ಅವತ್ತ ಹೇಳ್ತಿದ್ದೆ.'